ಚರ್ಚ್ ಸ್ಟ್ರೀಟಿನ ಆ ಹಳೇ ಫೋಟೋ

ಪ್ರಕಾಶ: (ಫೋಟೋ) ಅಟ್ಟ ಕ್ಲೀನ್ ಮಾಡುವಾಗ ಸಿಕ್ಕಿತು. ಹಿಂದೆ 1996 ಅಂತ ಬರೆದಿದೆ. ಬೆಂಗಳೂರಿನ ಎಂ.ಜಿ. ರೋಡಿನ ಅಂಡರ್‌ಗ್ರೌಂಡ್ ಪಬ್ ಅಲ್ವಾ?

ಗಿರೀಶ: ಅಲ್ಲ ಕಣೋ. ಅದು ಲಂಡನ್ನಿನ ಸುರಂಗ ರೈಲಿನ ಥರ ಇತ್ತು. ಇದು ಚರ್ಚ್ ಸ್ಟ್ರೀಟಿನ ನಾಸಾ ಪಬ್. ಹಿಂದಿನ ಗೋಡೆ ನೋಡು, ರಾಕೆಟ್ ಒಳಗೆ ಕೂತ ಹಾಗಿದೆ. ಎರಡೂ ಈಗಿಲ್ಲ. ಮೊನ್ನೆ ಹೋಗಿದ್ದೆ, ಬೀದಿಗೆಲ್ಲ ಕಲ್ಲು ಹಾಸಿದ್ದಾರೆ, ನಾವು ಬೈಕ್ ನಿಲ್ಲಿಸುತ್ತಿದ್ದ ಜಾಗವೇ ಗೊತ್ತಾಗಲಿಲ್ಲ.

ಮಂಜುನಾಥ: ದಯವಿಟ್ಟು ತೆಗೆದುಬಿಡು ಪ್ರಕಾಶ. ಗುಂಪಿನಲ್ಲಿ ಮೇಷ್ಟ್ರಿದ್ದಾರೆ. ಕುಡಿದದ್ದನ್ನು ಮೆರೆಸೋದು ಯಾಕೆ?

ಸುಮಾ: ಬೇಡ ಮಂಜು. ಎಡಗಡೆ ಕೂತಿರೋದು ನಾನು. ಆಗ ನಮ್ಮ ಕಡೆ ಬಾರ್‌ಗಳಲ್ಲಿ ಹೆಂಗಸರಿಗೆ ಇದ್ದದ್ದು ಪರದೆ ಎಳೆದ ಫ್ಯಾಮಿಲಿ ರೂಮ್. ಇಲ್ಲಿ ನಾನು ಎಲ್ಲರ ಮಧ್ಯೆ ಕೂತಿದ್ದೆ, ಯಾರೂ ತಿರುಗಿ ನೋಡುತ್ತಿರಲಿಲ್ಲ. ಕುಡಿದದ್ದು ಲೈಮ್ ಸೋಡಾ.

ನಿಮ್ಮ ಬಿಯರ್ ಪಿಚರ್‌ನಿಂದ ಮೇಜೆಲ್ಲ ಒದ್ದೆ. ಗೊತ್ತಾಗದೆ ಕೆಲಸದ ಅರ್ಜಿ ಅದರ ಮೇಲೇ ಇಟ್ಟೆ. ಶಾಯಿ ಹರಡತೊಡಗಿತು. ಕೌಂಟರ್ ಹತ್ತಿರ ದಿನಾ ಕೂರುತ್ತಿದ್ದ ಅಂಕಲ್ ನೆನಪಿದ್ದಾರಾ? ಎಚ್‌ಎಎಲ್‌ನಿಂದ ರಿಟೈರ್ ಆದವರು, ಒಂದೇ ಮಗ್ ಹಿಡಿದು ಸಂಜೆ ಪೂರ್ತಿ ಕೂರೋರು. ಅವರೇ ಎದ್ದು ಬಂದು ಕರ್ಚೀಫ್ ಬಿಡಿಸಿದರು. "ಒರೆಸಬೇಡಮ್ಮ, ಸುಮ್ನೆ ಒತ್ತು" ಅಂದರು. ಒಂದೊಂದೇ ಸಾಲು ಒತ್ತಿ ಒಣಗಿಸಿಕೊಟ್ಟರು. ಆಮೇಲೆ ಕಂಡಾಗಲೆಲ್ಲ ಒಂದೇ ಪ್ರಶ್ನೆ: "ಲೆಟರ್ ಬಂತಾ?" ಬಂದ ದಿನ ಅಮ್ಮನಿಗೆ ಹೇಳಿ, ಸೀದಾ ಅಲ್ಲಿಗೇ ಹೋದೆ.

ಅವರ ಹೆಸರು ಕೇಳಲೇ ಇಲ್ಲ ನಾನು. ಈಗ ಫೋಟೋ ದೊಡ್ಡದು ಮಾಡಿ ನೋಡಿದೆ. ಪ್ರಕಾಶನ ಭುಜದ ಹಿಂದೆ ಅವರ ಅರ್ಧ ಮುಖ ಇದೆ. ಅದನ್ನು ಹೇಗೆ ತೆಗಿ ಅನ್ನಲಿ?

ಗಿರೀಶ: ಹೌದು, ಅವರೇ! ನೀಲಿ ಸ್ವೆಟರ್. ನಮಗೂ ಮೂರನೇ ಪಿಚರ್ ಬೇಡ ಅಂತ ಗದರಿಸೋರು.

ಮಂಜುನಾಥ: ನಮ್ಮಪ್ಪ ಹೋದದ್ದು ಕುಡಿತದಿಂದ ಸುಮಾ. ನಾನು ನಿಮ್ಮ ಜೊತೆ ಬರದೆ ಇದ್ದದ್ದಕ್ಕೂ ಅದೇ ಕಾರಣ. ಮಗ್ ನೋಡಿದರೆ ನನಗೆ ಇವತ್ತಿಗೂ ಆಗಲ್ಲ.

ಸುಮಾ: ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ಲವಲ್ಲೋ. ನಿನ್ನ ಮಾತು ನಿಜ. ಆದರೆ ನನ್ನ ಪಾಲಿಗೆ ಆ ಅಂಕಲ್ ಕೂಡ ನಿಜ ಮಂಜು.

ಪ್ರಕಾಶ: ಗುಂಪಿನಿಂದ ತೆಗೆದೆ ಮಂಜು, ಸಾರಿ. ಸುಮಾ, ಫೋಟೋನೇ ನಿನಗೆ ಕೊರಿಯರ್ ಮಾಡುತ್ತೇನೆ, ಅಡ್ರೆಸ್ ಕಳಿಸು.