ರಿಲಕ್ಟಂಟ್ ಫಂಡಮೆಂಟಲಿಸ್ಟ್ ಓದಿದೋರು ಯಾರಾದ್ರೂ ಇದೀರಾ? ಕೊನೇಲಿ ನೀವು ಯಾರನ್ನ ಅನುಮಾನಿಸಿದ್ರಿ?

ಹೊನ್ನಾವರದ್_ಓದುಗ
ಮೊಹ್ಸಿನ್ ಹಮೀದ್ ಅವ್ರ ಈ ಕಾದಂಬರಿ (2007ರದ್ದು) ನಿನ್ನೆ ರಾತ್ರಿ ಮುಗಿಸ್ದೆ, ತೆಳ್ಳಗಿದೆ, ಎರಡು ಸಲ ಕೂತ್ರೆ ಮುಗಿಯತ್ತೆ. ಓದಿಲ್ದೇ ಇರೋರು ಮುಂದಿಂದು ಓದ್ಬೇಡಿ, ಕೊನೆ ಹೇಳ್ಬಿಡ್ತೀನಿ. ಲಾಹೋರಿನ ಹಳೇ ಅನಾರ್ಕಲಿ ಬಜಾರಲ್ಲಿ ಚಂಗೇಜ್ ಅನ್ನೋ ಗಡ್ಡದ ಮನುಷ್ಯ ಗುರುತಿಲ್ಲದ ಒಬ್ಬ ಅಮೆರಿಕನ್ನ ಕೂರಿಸ್ಕೊಂಡು, ಟೀ ಕುಡಿಸಿ, ಊಟ ಹಾಕ್ಸಿ, ತನ್ನ ಕತೆ ಹೇಳ್ತಾನೆ, ಪ್ರಿನ್ಸ್‌ಟನ್ನಲ್ಲಿ ಓದಿದ್ದು, ನ್ಯೂಯಾರ್ಕ್ ಕೆಲಸ, ಎರಿಕಾ ಅನ್ನೋ ಹುಡುಗಿ, 9/11, ಆಮೇಲೆ ಎಲ್ಲಾ ಬಿಟ್ಟು ಊರಿಗೆ ಬಂದಿದ್ದು. ಕೊನೇಲಿ ಕತ್ತಲಲ್ಲಿ ಅಮೆರಿಕನ್ನ ಹೋಟೆಲ್ ಕಡೆ ನಡ್ಕೊಂಡು ಹೋಗುವಾಗ ವೇಟರ್ ಹಿಂದಿಂದ ಬರ್ತಿರ್ತಾನೆ, ಅಮೆರಿಕನ್ ಕೋಟೊಳಗೆ ಕೈ ಹಾಕ್ತಾನೆ, ಏನೋ ಲೋಹ ಮಿಂಚತ್ತೆ, ಅಷ್ಟೇ, ಪುಸ್ತಕ ಮುಗೀತು.

ನಂಗೆ ಶುರುವಿಂದ್ಲೂ ಚಂಗೇಜ್ ಮೇಲೇ ಡೌಟು, ಅಷ್ಟೊಂದು ವಿನಯ ಯಾಕೆ ಅಂತ. ಇವತ್ತು ಬೆಳಿಗ್ಗೆ ಹೆಂಡ್ತಿಗೆ ಕತೆ ಹೇಳಿದ್ರೆ ಅವ್ಳು "ರೀ, ಕೋಟಲ್ಲಿ ಕೈ ಇರೋದು ಅಮೆರಿಕನ್ದಲ್ವಾ" ಅಂದ್ಳು. ನಾನು ಗಪ್‌ಚುಪ್. ನಿಮ್ಗೆಲ್ಲ ಏನನ್ನಿಸ್ತು?

ಮಂಡ್ಯದಕ್ಕ
ಸಾರ್ ಅದೇ ಅಲ್ವಾ ಆ ಪುಸ್ತಕದ ಕರಾಮತ್ತು. ಅಮೆರಿಕನ್ ಬಾಯಿಂದ ಒಂದು ಮಾತೂ ನೇರವಾಗಿ ಬರಲ್ಲ, ಅವ್ನು ಬೆಚ್ಚಿಬಿದ್ದ, ಅತ್ತಿತ್ತ ನೋಡ್ದ ಅನ್ನೋದೂ ಚಂಗೇಜ್ ಹೇಳಿದ್ರೇನೇ ನಮಗೆ ಗೊತ್ತಾಗೋದು, ಮಿಕ್ಕಿದ್ದನ್ನ ನಾವು ನಮ್ಮ ಭಯದಿಂದ ತುಂಬ್ಕೊಳ್ತೀವಿ. ಆದ್ರೆ ನಿಮ್ಮನ್ನ ನೀವೇ ತೀರಾ ಬೈಕೋಬೇಡಿ, ಚಂಗೇಜೂ ಸಾಚಾ ಅಲ್ಲ. ಮನಿಲಾದ ಹೋಟೆಲ್ ರೂಮಲ್ಲಿ ಟವರ್‌ಗಳು ಬೀಳೋದನ್ನ ಟೀವೀಲಿ ನೋಡಿ ನಕ್ಕೆ ಅಂತ ತಾನೇ ಒಪ್ಕೋತಾನಲ್ಲ, ಅದನ್ನ ಓದ್ದಾಗ ನಂಗೆ ಹೊಟ್ಟೆ ಒಳಗೆ ಏನೋ ಆಯ್ತು. ಈಗ್ಲೂ ಆ ನಗು ನಂಗೆ ಅರಗಿಲ್ಲ.

2012ರಲ್ಲಿ ಮೀರಾ ನಾಯರ್ ಇದನ್ನ ಸಿನಿಮಾ ಮಾಡಿದ್ರು, ಅದ್ರಲ್ಲಿ ಎದುರು ಕೂತೋನಿಗೆ ಹೆಸರು, ಕೆಲಸ, ಒಂದು ಕಿಡ್ನ್ಯಾಪ್ ಕೇಸು ಎಲ್ಲಾ ಕೊಟ್ಟಿದಾರೆ. ರಿಜ್ ಅಹ್ಮದ್ ಚೆನ್ನಾಗೇ ಮಾಡಿದಾನೆ, ಆದ್ರೆ ಯಾರು ಏನು ಅಂತ ಗೊತ್ತಾದ್ಮೇಲೆ ನಮ್ಮನ್ನ ಪರೀಕ್ಷೆ ಮಾಡೋಕೆ ಏನೂ ಉಳಿಯಲ್ಲ.

ಸುಮ್ನೆ_ಒಬ್ಬ
ಒಂದು ವಿಷ್ಯ ಯಾರೂ ಹೇಳ್ತಿಲ್ಲ. ನಾವು ಅಮೆರಿಕನ್ನರಲ್ಲ. ಅಮೆರಿಕದೋರು ಗಡ್ಡ ನೋಡಿ ಹೆದರ್ತಾರೆ ಅಂತ ಅಲ್ಲಿನ ವಿಮರ್ಶಕರು ಬರ್ಕೊಳ್ಲಿ, ನಾವು ಹೆದರಿದ್ದು ಲಾಹೋರ್ ಅನ್ನೋ ಹೆಸರಿಗೆ, ಅದು ಬೇರೆ ಹೆದರಿಕೆ, ಚಿಕ್ಕೋರಿದ್ದಾಗಿಂದ ಕ್ರಿಕೆಟ್ ಮ್ಯಾಚು ನ್ಯೂಸು ಎಲ್ಲಾ ಸೇರಿ ತಲೇಲಿ ಕೂತಿರೋದು. ಆಮೇಲೆ ಇನ್ನೊಂದು, 2001ರ ಡಿಸೆಂಬರಲ್ಲಿ ನಮ್ಮ ಪಾರ್ಲಿಮೆಂಟ್ ಮೇಲೆ ದಾಳಿ ಆದ್ಮೇಲೆ ಗಡೀಲಿ ಸೇನೆ ಜಮಾಯಿಸಿದ್ರಲ್ಲ, ಆ ಟೈಮಲ್ಲೇ ಚಂಗೇಜ್ ರಜೆಗೆ ಮನೆಗೆ ಬರೋದು. ಅವ್ರ ಮನೇಲಿ ಯುದ್ಧದ ಭಯ. ಅಂದ್ರೆ ಆ ಪುಟಗಳಲ್ಲಿ ಹೆದರಿಸೋ ಪರದೇಶದೋರು ನಾವು! ನಾನು ಅಲ್ಲಿ ನಿಂತ್ಬಿಟ್ಟೆ ಗುರು, ನಮ್ಮನ್ನ ನೋಡಿ ಅಪ್ಪ ಅಮ್ಮ ಇರೋ ಒಂದು ಮನೆ ಹೆದರ್ತಿದೆ ಅನ್ನೋದು ಹಿಂದೆ ಯಾವತ್ತೂ ನನ್ನ ತಲೆಗೇ ಬಂದಿರ್ಲಿಲ್ಲ.

ಬರ್ಲಿನ್_ಭಟ್ಟ
ಇದು ಹಿಡಿಸಿದ್ರೆ ಜೆನಿ ಎರ್ಪೆನ್‌ಬೆಕ್ ಅವ್ರ ಗೋ, ವೆಂಟ್, ಗಾನ್ ಓದಿ (ಜರ್ಮನ್‌ನಲ್ಲಿ 2015, ಇಂಗ್ಲಿಷ್‌ಗೆ 2017). ರಿಟೈರ್ಡ್ ಪ್ರೊಫೆಸರ್ ರಿಚರ್ಡ್, ಹಳೇ ಪೂರ್ವ ಜರ್ಮನಿಯೋನು, ಆಫ್ರಿಕಾದಿಂದ ಬಂದ ನಿರಾಶ್ರಿತರ ಜೊತೆ ಮಾತಾಡೋಕೆ ಶುರು ಮಾಡ್ತಾನೆ. ಬರ್ಲಿನ್ನಿನ ಓರಾನಿಯನ್‌ಪ್ಲಾಟ್ಸ್ ಅನ್ನೋ ಚೌಕದಲ್ಲಿ ಅಂಥ ನಿರಾಶ್ರಿತರ ಟೆಂಟುಗಳು 2012ರಿಂದ 2014ರವರೆಗೆ ನಿಜವಾಗ್ಲೂ ಇದ್ವು, ಯುರೋಪಲ್ಲಿ ಮೊದ್ಲು ಕಾಲಿಟ್ಟ ದೇಶ ಇಟಲಿ ಆದ್ರೆ ಇಟಲೀಲೇ ಆಶ್ರಯಕ್ಕೆ ಅರ್ಜಿ ಹಾಕ್ಬೇಕು ಅನ್ನೋ ರೂಲಲ್ಲಿ ಸಿಕ್ಕಾಕ್ಕೊಂಡೋರು. ರಿಚರ್ಡ್ ಒಬ್ಬ ಹುಡುಗನ್ನ ಮನೆಗೆ ಕರೆದು ಪಿಯಾನೋ ಹೇಳ್ಕೊಡ್ತಾನೆ. ಮುಂದೆ ರಿಚರ್ಡ್ ಊರಲ್ಲಿ ಇಲ್ದಾಗ ಮನೆ ಕಳ್ಳತನ ಆಗತ್ತೆ, ತಕ್ಷಣ ಅನುಮಾನ ಯಾರ ಮೇಲೆ? ಅಷ್ಟು ಒಳ್ಳೇ ಮನುಷ್ಯನಿಗೂ.

ಒಂದೇ ತಕರಾರು. ಆ ಹುಡುಗರ ನಿಜವಾದ ಹೆಸರು ನೆನಪಿಡೋಕೆ ಕಷ್ಟ ಅಂತ ರಿಚರ್ಡ್ ಟ್ರಿಸ್ಟನ್, ಅಪೋಲೋ ಅಂತ ಪುರಾಣದ ಹೆಸರು ಇಟ್ಕೋತಾನೆ, ಲೇಖಕಿ ಅದನ್ನ ಬೇಕಂತ್ಲೇ ಮಾಡಿರೋದು ಗೊತ್ತು, ಆದ್ರೂ ಅರ್ಧ ಪುಸ್ತಕ ಆದ್ಮೇಲೆ ನಂಗೆ ಸುಸ್ತಾಯ್ತು. ಇಲ್ಲಿ ಆಫೀಸಲ್ಲಿ ನನ್ನ ನಾಲ್ಕಕ್ಷರದ ಹೆಸರನ್ನೂ ಕತ್ತರಿಸಿ ಒಂದಕ್ಷರ ಮಾಡಿದಾರೆ, ಅದಕ್ಕೇ ಇರ್ಬಹುದು. ಚಂಗೇಜ್ ತರ ಆ ಹುಡುಗರಲ್ಲಿ ಒಬ್ನೇ ಕೂತು ಇಡೀ ಕತೆ ಹೇಳಿದ್ರೆ ಹೇಗಿರ್ತಿತ್ತೋ.

ಹೊನ್ನಾವರದ್_ಓದುಗ
ಎಲ್ರಿಗೂ ಥ್ಯಾಂಕ್ಸ್. ಸುಮ್ನೆ_ಒಬ್ಬ ಅವ್ರೇ, ನೀವು ಹೇಳಿದ ಡಿಸೆಂಬರ್ ಭಾಗ ಈಗ ತೆಗೆದು ನೋಡ್ದೆ. ಮೊದಲ ಸಲ ಅದನ್ನ ಸುಮ್ನೆ ಕಣ್ಣಾಡಿಸಿ ದಾಟಿಬಿಟ್ಟಿದ್ದೆ, ಕತೆ ಮುಂದಕ್ಕೆ ಹೋಗ್ತಿಲ್ಲ ಅಂತ.