ಹೆಪಟೈಟಿಸ್ ಇ: ‘ಜೀನೋಟೈಪ್’ಗೆ ತಳಿ ಅನ್ನೋಣವೇ, ಬೆಡಗು ಅನ್ನೋಣವೇ?

ಎಲ್ಲರಿಗೂ ವಿಜಯಪುರದಿಂದ ನಮಸ್ಕಾರ. ನನಗೊಂದು ಪದ ಬೇಕಾಗಿದೆ.

ನಮ್ಮ ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗಾಗಿ ಲಿವರಿಗೆ ತಗುಲುವ ಹೆಪಟೈಟಿಸ್ ಇ ಎಂಬ ವೈರಸ್ ರೋಗದ ಬಗ್ಗೆ ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ನಮ್ಮ ಕಡೆ ಕಣ್ಣು ಹಳದಿಯಾದರೆ ಸಾಕು, ಎಲ್ಲಕ್ಕೂ ‘ಕಾಮಣಿ’ ಅಂತಲೇ ಹೆಸರು. ಅದರಲ್ಲಿ ಕೊಳಚೆ ಸೇರಿದ ನೀರಿನಿಂದ ಬರುವ ಇ ವೈರಸ್ಸನ್ನು ಬೇರೆ ಮಾಡಿ ತೋರಿಸಬೇಕು. ಆ ವೈರಸ್ಸಿನ ಒಳಬಗೆಗಳನ್ನೂ (ಇಂಗ್ಲಿಷಿನಲ್ಲಿ ಇವಕ್ಕೇ ‘ಜೀನೋಟೈಪ್’ ಅನ್ನುವುದು) ಹೇಳಬೇಕು. ತೊಡಕು ಬಂದದ್ದು ಅಲ್ಲೇ.

ಮೊದಲ ಕರಡಿನಲ್ಲಿ ‘ತಳಿ’ ಅಂತ ಬರೆದೆ. ಕೋವಿಡ್ ಕಾಲದಲ್ಲಿ ಪತ್ರಿಕೆಗಳಲ್ಲಿ ಓದಿ ರೂಢಿಯಾಗಿತ್ತು. ಕರಡು ಓದಿದ ಕಾರ್ಯಕರ್ತೆಯೊಬ್ಬರು ಕೇಳಿದರು: “ತಳಿ ಅಂದ್ರ ಯಾರರ ಬೆಳೆಸಿದ್ದಲ್ಲೇನ್ರಿ ಅಕ್ಕಾರ? ಕಾಮಣಿ ಯಾರ ಬೆಳೆಸ್ಯಾರ?” ಅವರು ಕೇಳಿದ್ದು ಸರಿ ಇದೆ. ಇಲ್ಲಿ ತಳಿ ಅಂದರೆ ಮಾಲದಂಡಿ ಜೋಳ, ಮುಧೋಳದ ನಾಯಿ. ಮನುಷ್ಯ ಆರಿಸಿ ಕಾಪಾಡಿಕೊಂಡು ಬಂದದ್ದು.

ಎರಡನೇ ಕರಡಿನಲ್ಲಿ ‘ವಂಶವಾಹಿ ಮಾದರಿ’ ಅಂದೆ. ಇದು ಇನ್ನೂ ಕೆಟ್ಟಿತು. “ಹಂಗಾದ್ರ ಇದು ಮನೆತನದಾಗ ಬರೂ ಬ್ಯಾನಿ ಏನ್ರಿ?” ಅಂದರು. ವಂಶ ಅನ್ನೋ ಮಾತು ಕಂಡ ಕೂಡಲೇ ಕಣ್ಣು ರೋಗಿಯ ಮನೆ ಕಡೆ ಹೋಗುತ್ತದೆ. ನಾವು ಹೇಳುತ್ತಿರುವುದು ವೈರಸ್ಸಿನ ವಂಶ, ರೋಗಿಯದಲ್ಲ. ಮದುವೆಗೆ ಹೆಣ್ಣು ನೋಡುವ ಊರುಗಳಲ್ಲಿ ಈ ತಪ್ಪು ಸಣ್ಣದಲ್ಲ.

ಪದ ಯಾಕೆ ಇಷ್ಟು ಮುಖ್ಯ ಅಂದರೆ, ಬಗೆ ಬದಲಾದರೆ ರೋಗವೇ ಬದಲಾಗುತ್ತದೆ. ಜನರಲ್ಲಿ ಕಾಣುವುದು ಮುಖ್ಯವಾಗಿ 1ರಿಂದ 4ನೇ ಬಗೆ. 1 ಮತ್ತು 2 ಮನುಷ್ಯರಲ್ಲಿ ಮಾತ್ರ, ನೀರಿನಿಂದ ಹಬ್ಬುತ್ತವೆ. 3 ಮತ್ತು 4 ಹಂದಿಯಲ್ಲಿ ಇದ್ದು, ಸರಿಯಾಗಿ ಬೇಯದ ಮಾಂಸದಿಂದ ಬರುತ್ತವೆ. ಭಾರತದ ಜನರಲ್ಲಿ ಹೆಚ್ಚೂಕಡಿಮೆ ಎಲ್ಲ 1ನೆಯದೇ. ಬಸುರಿಯರಿಗೆ ಕಂಟಕವಾಗಿರುವುದೂ ಅದೇ. ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನೂರರಲ್ಲಿ 20–25 ತಾಯಂದಿರವರೆಗೂ ಜೀವ ಹೋದದ್ದಿದೆ. 3ನೆಯದು ಬಸುರಿಯರನ್ನು ಹಾಗೆ ಕಾಡುವುದಿಲ್ಲ. ಆದರೆ ಕಿಡ್ನಿ, ಲಿವರ್ ಕಸಿ ಮಾಡಿಸಿಕೊಂಡವರಲ್ಲಿ ತಿಂಗಳುಗಟ್ಟಲೆ ಬೇರೂರಿ ಲಿವರನ್ನು ಕೆಡಿಸುತ್ತದೆ.

ಹೆಸರಿಲ್ಲದಿದ್ದರೆ ಏನಾಗುತ್ತದೆ ಅಂತಲೂ ನೆನಪಾಗುತ್ತದೆ. 1955–56ರಲ್ಲಿ ದೆಹಲಿಯಲ್ಲಿ ಯಮುನೆಯ ನೀರಿಗೆ ಕೊಳಚೆ ಸೇರಿ ಸುಮಾರು 29,000 ಜನಕ್ಕೆ ಕಾಮಣಿ ಆಯಿತು. ಅದು ಇ ವೈರಸ್ಸಿನ ಕೆಲಸ ಅಂತ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು.

ಈಗ ನನ್ನ ಮನಸ್ಸಿಗೆ ಬಂದಿರುವ ಪದ ‘ಬೆಡಗು’, ಅಂದರೆ ಒಂದೇ ಜನದೊಳಗಿನ ಕುಲದ ಕವಲು. ನಮ್ಮ ಕಡೆ ಸಂಬಂಧ ನೋಡುವಾಗ “ನಿಮ್ಮ ಬೆಡಗು ಯಾವುದು?” ಅಂತ ಕೇಳುತ್ತಾರೆ. ಜನ ಒಂದೇ, ಒಳಗೆ ಬೆಡಗು ಬೇರೆ ಬೇರೆ. ಈ ವೈರಸ್ಸೂ ಹಾಗೇ ಅಲ್ವಾ? ಒಂದು ಬಗೆಯ ವಿರುದ್ಧ ದೇಹ ಕಟ್ಟಿಕೊಂಡ ಪ್ರತಿಕಾಯ (ರೋಗದ ವಿರುದ್ಧ ರಕ್ತದಲ್ಲಿ ಹುಟ್ಟುವ ರಕ್ಷಕ ಪ್ರೋಟೀನ್) ಉಳಿದವನ್ನೂ ಗುರುತು ಹಿಡಿಯುತ್ತದೆ. ಹೆಪಟೈಟಿಸ್ ಇಗೆ ಚೀನಾದಲ್ಲಿ ಮಾಡಿದ ಹೆಕೋಲಿನ್ ಲಸಿಕೆ 1ನೇ ಬಗೆಯಿಂದ ಮಾಡಿದ್ದು, ಆದರೂ 4ನೆಯದನ್ನೂ ತಡೆಯುತ್ತದೆ. ‘ವೈರಸ್ಸಿನ ಬೆಡಗು’ ಅಂತ ಜೋಡಿಸಿಯೇ ಬರೆದರೆ ರೋಗಿಯ ಮನೆತನದ ಗೊಂದಲವೂ ತಪ್ಪಬಹುದು ಅನ್ನಿಸುತ್ತದೆ.

ತೊಂದರೆ ಏನೆಂದರೆ, ಮೈಸೂರು ಕಡೆಯವರಿಗೆ ಬೆಡಗು ಅಂದರೆ ಬಿನ್ನಾಣ. ವಚನ ಓದಿದವರಿಗೆ ಒಗಟಿನಂಥ ಮಾತು. ಕರಾವಳಿಯ ‘ಬಳಿ’ ಇದೇ ಅರ್ಥದ್ದು, ಆದರೆ ಓದುವಾಗ ‘ಹತ್ತಿರ’ ಅಂತಲೇ ಕಾಣುತ್ತದೆ.

ಇನ್ನೊಂದು. ಮ್ಯುಟೇಶನ್‌ಗೆ, ಅಂದರೆ ವೈರಸ್ಸಿನ ವಂಶಬರಹದಲ್ಲಿ ಆಗುವ ಬದಲಾವಣೆಗೆ, ಶಾಲೆಯ ಪುಸ್ತಕದ ‘ಉತ್ಪರಿವರ್ತನೆ’ ಬಾಯಲ್ಲಿ ನಿಲ್ಲುವುದಿಲ್ಲ. ವೈರಸ್ಸಿನ ಆ ಬರಹ, ಅಂದರೆ ಆರ್‌ಎನ್‌ಎ, ಸುಮಾರು 7,200 ಅಕ್ಷರದ್ದು. ಅದರಲ್ಲಿ ಒಂದು ಅಕ್ಷರ ಬದಲಾಗಿ, ವೈರಸ್ಸಿನ ಒಂದು ಪ್ರೋಟೀನಿನ 1634ನೇ ಜಾಗದ ಗ್ಲೈಸಿನ್ ಹೋಗಿ ಆರ್ಜಿನೀನ್ (ಎರಡೂ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳು) ಕೂತರೆ ವೈರಸ್ ಜಾಸ್ತಿ ಹುಟ್ಟುತ್ತದೆ. ವೈರಸ್ ತಡೆಯಲು ಕೊಡುವ ರಿಬಾವಿರಿನ್ ಔಷಧ ಕೈಕೊಟ್ಟ ಕೆಲವು ಕಸಿ ರೋಗಿಗಳಲ್ಲಿ ಇದು ಕಂಡಿದೆ. ಇದಕ್ಕೆ ಸುಮ್ನೆ ‘ಅಕ್ಷರ ಬದಲು’ ಅಂದರೆ ಸಾಕಾ?

ಬಾಗಲಕೋಟೆ, ಬೆಳಗಾವಿ ಕಡೆಯವರು ‘ಬೆಡಗು’ ಇದೇ ಅರ್ಥದಲ್ಲಿ ಈಗಲೂ ಬಳಸುತ್ತೀರಾ? ದಕ್ಷಿಣದವರಿಗೆ ಓದುವಾಗ ಎಡವಿದಂತೆ ಆಗುತ್ತದೆಯೇ? ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.