ಹಿಮಾಚಲದ ಸ್ಪಿತಿ, ಲಾಹೌಲ್ ಕಣಿವೆ ಬಗ್ಗೆ ಒಂದು ಡೌಟು

ಪ್ರಶ್ನೆ: ಸ್ಪಿತಿಯ ಲಾಂಗ್ಝಾ ಊರಲ್ಲಿ 4000 ಮೀಟರ್ ಮೇಲೆ ಸಮುದ್ರಜೀವಿಗಳ ಪಳೆಯುಳಿಕೆ ಸಿಗುತ್ತಲ್ಲ, ಅದು ಅಲ್ಲಿಗೆ ಬಂದಿದ್ದು ಹೆಂಗೆ? ಇನ್ನೊಂದು, ಲಾಹೌಲ್‌ನ ಚಂದ್ರಾ ಕಣಿವೆ ಬೋಗುಣಿ ಥರ ಅಗಲವಾಗಿದೆ, ನಮ್ಮ ಶರಾವತಿ ಕಣಿವೆ ಥರ ಕಿರಿದಾಗಿಲ್ಲ, ಯಾಕೆ? ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ 1: ಅದು ಟೆಥಿಸ್ ಸಮುದ್ರದ ತಳ ಸರ್, ಭಾರತ ಏಷ್ಯಾ ನಡುವೆ ಹಿಂದೆ ಇದ್ದ ಸಮುದ್ರ. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಗುದ್ದಿದಾಗ ಆ ಕೆಸರಿನ ಪದರಗಳು ಮಡಚಿಕೊಂಡು ಮೇಲೆದ್ವು. ಅಲ್ಲಿ ಸಿಗೋ ಸುರುಳಿ ಕಲ್ಲುಗಳು ಅಮೋನೈಟ್, ಅಂದ್ರೆ ಈಗ ಅಳಿದುಹೋಗಿರೋ ಚಿಪ್ಪಿನ ಸಮುದ್ರಜೀವಿ. ದಯವಿಟ್ಟು ಯಾರೂ ಎತ್ಕೊಂಡು ಬರಬೇಡಿ, ಮಾರೋರ ಹತ್ರ ಕೊಳ್ಳಲೂಬೇಡಿ.

ಉತ್ತರ 2: ಚಂದ್ರಾ ಕಣಿವೆ ಕೊರೆದಿದ್ದು ಗ್ಲೇಸಿಯರ್, ಅಂದ್ರೆ ಹಿಮನದಿ. ನದಿ ಬೆಟ್ಟದಲ್ಲಿ ಹೆಚ್ಚಾಗಿ ತಳಾನೇ ಕೊರೆಯುತ್ತೆ, ಹಿಮನದಿ ತಳದಲ್ಲಿ ಕಲ್ಲು ಸಿಕ್ಕಿಸ್ಕೊಂಡು ಇಕ್ಕೆಲವನ್ನೂ ಉಜ್ಜುತ್ತೆ. ಅದು ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬಗಳೇ ಮೊರೇನ್. ಅದರ ಮೇಲಿನ ಬಂಡೆ ಚೂರಲ್ಲಿ ಕಾಸ್ಮಿಕ್ ಕಿರಣದಿಂದ ಹುಟ್ಟಿದ ಬೆರಿಲಿಯಂ-10 (ಬೆರಿಲಿಯಂ ಧಾತುವಿನ ಒಂದು ಅಪರೂಪದ ರೂಪ) ಎಷ್ಟಿದೆ ಅಂತ ಅಳೆದು, ಬಂಡೆ ಯಾವಾಗಿಂದ ಬಯಲಲ್ಲಿದೆ ಅಂತ ಲೆಕ್ಕ ಹಾಕ್ತಾರೆ, ಎಷ್ಟು ಚೆಂದದ ವಿಧಾನ! ಅಲ್ಲೇ ಇರೋ ಛೋಟಾ ಶಿಗ್ರಿ ಗ್ಲೇಸಿಯರನ್ನ 2002ರಿಂದ ಅಳೀತಾ ಇದಾರೆ, ಅದು ಕರಗ್ತಾನೇ ಇದೆ.

ಉತ್ತರ 3: ಬೆಂಗಳೂರಿನ ಐಐಎಸ್‌ಸಿಯ ಹವಾಮಾನ ಬದಲಾವಣೆ ಅಧ್ಯಯನ ಕೇಂದ್ರ ದಿವೇಚಾ ಸೆಂಟರ್‌ನೋರೂ ಹಿಮಾಲಯದ ಗ್ಲೇಸಿಯರ್‌ಗಳ ಮೇಲೆ ಕೆಲಸ ಮಾಡಿದಾರೆ, ಹುಡುಕಿ ಓದಿ. ಇನ್ನೂ ಬಗೆಹರಿಯದ ಚರ್ಚೆ ಅಂದ್ರೆ ಬೆಟ್ಟದ ಎತ್ತರಕ್ಕೆ ಮಿತಿ ಹಾಕೋದು ಹಿಮನದಿಯಿಂದಾಗೋ ಸವೆತವೋ ಭೂಮಿಯ ಕೆಳಗಿನ ಒತ್ತಡವೋ ಅನ್ನೋದು, ನನಗಂತೂ ಎರಡೂ ಸೇರಿ ಅನ್ಸುತ್ತೆ.